ಫ್ರಿಜ್ಜಿನ ಹಿಂದೆ ಸಿಕ್ಕ ಬಿರಡೆ

ಹಳೆಯ ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದಾಗ ಅದರ ಹಿಂದೆ ಒಂದು ಟೀ ಚಮಚ, ಒಂಟೆಯ ಆಕಾರದ ಅಯಸ್ಕಾಂತ, ಬೂದಿಯ ಬಣ್ಣಕ್ಕೆ ತಿರುಗಿದ ಕರಿಬೇವಿನ ಎಲೆಗಳು ಮತ್ತು ಒಂದು ಬಾಟಲಿಯ ಬಿರಡೆ ಸಿಕ್ಕಿದವು. ಹೊಸ ಫ್ರಿಜ್ಜು ರಟ್ಟಿನ ಅಂಗಿ ತೊಟ್ಟು ಬಾಗಿಲಲ್ಲಿ ಕಾಯುತ್ತಿತ್ತು. ತಂದವರಲ್ಲಿ ಒಬ್ಬ "ಯಲ್ಲಾ ಮೇಡಂ, ಜಾಗ" ಎಂದ. ಯಲ್ಲಾ ಎಂದರೆ ಇಲ್ಲಿಯ ಅರಬ್ಬಿಯಲ್ಲಿ ಬೇಗ, ನಡೆಯಿರಿ ಎಂದು. ನಾನು ಜಾಗ ಬಿಡದೆ, ಬಗ್ಗಿ ಬಿರಡೆಯನ್ನು ಎತ್ತಿಕೊಂಡು, ಅವನೆದುರೇ ಮೂಸಿದೆ. ಅವನು ಮರ್ಯಾದೆಯಿಂದ ಬೇರೆ ಕಡೆ ನೋಡಿದ.

ಅರ್ಧ ಕಡುನೇರಳೆ, ಅರ್ಧ ಮಣ್ಣಿನ ಬಣ್ಣ. ಮೊದಲು ಧೂಳಿನ ವಾಸನೆ, ಆಮೇಲೆ ಎಣ್ಣೆಜಿಡ್ಡು, ಅದರ ಹಿಂದೆ ಇನ್ನೇನೋ ಒಂದು. ಆ ಇನ್ನೇನೋ ಲವಂಗವೇ ಎಂದು ಇಲ್ಲಿ ಬರೆದುಬಿಟ್ಟರೆ ಈ ಪ್ರಬಂಧ ಸಲೀಸಾಗಿ ಮುಂದೆ ಸಾಗುತ್ತದೆ. ಆದರೆ ಅದು ಬಿರಡೆಯಿಂದ ಮೂಗಿಗೆ ಏರಿದ್ದೋ, ತಲೆಯಿಂದ ಮೂಗಿಗೆ ಇಳಿದದ್ದೋ ನನಗೆ ಗೊತ್ತಿಲ್ಲ. ನೀವು ಹತ್ತಿರ ಕೂತಿದ್ದರೆ ನಿಮ್ಮ ಮೂಗಿಗೇ ಹಿಡಿಯುತ್ತಿದ್ದೆ. ಅದಾಗದ ಮಾತಾದ್ದರಿಂದ ಸದ್ಯಕ್ಕೆ ನನ್ನ ಮೂಗೇ ಗತಿ. ಅದನ್ನು ಎಷ್ಟು ನಂಬಬೇಕೆಂದು ಮುಂದೆ ನೀವೇ ತೀರ್ಮಾನಿಸಿ.

ತಲೆಯೆತ್ತಿ ನೋಡಿದೆ. ಫ್ರಿಜ್ಜು ನಿಂತಿದ್ದ ಜಾಗದ ಮೇಲೆ, ಛಾವಣಿಯಲ್ಲಿ, ಹಿಡಿಗಾತ್ರದ ನೇರಳೆ ಕಲೆ ಈಗಲೂ ಇದೆ. ಮನೆ ಬಿಡುವಾಗ ಬಣ್ಣ ಹೊಡೆಸಿ ಕೊಡಬೇಕೆಂಬುದು ಬಾಡಿಗೆಯ ಕರಾರು. ಅಲ್ಲಿಯವರೆಗೆ ಕಲೆ ನಮ್ಮದು.

ಇದು ಬಾಸ್ಕೆಟ್‌ಬಾಲಿಗೆ ಸಂಬಂಧಪಟ್ಟ ಬಿರಡೆ. ನಾನು ಆ ಆಟ ಆಡಿದವಳಲ್ಲ. ಧಾರವಾಡದ ನಮ್ಮ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲಿನ ಕಂಬಗಳಿದ್ದವು, ಬಲೆ ಇರಲಿಲ್ಲ. ಒಂದು ಕಂಬದಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿ ಹಾಸ್ಟೆಲಿನವರು ಬಟ್ಟೆ ಒಣಗಿಸುತ್ತಿದ್ದರು. ಅಂಥವಳು ದುಬೈಯಲ್ಲಿ ಕೂತು ಅಮೆರಿಕದ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಮೇಲೆ ವರ್ಷಾವರ್ಷ ಪಣದಾಟ ನಡೆಸುತ್ತಾಳೆಂದರೆ ನನ್ನ ತಂಗಿಯೇ ನಂಬುವುದಿಲ್ಲ.

ಇದನ್ನು ಹಚ್ಚಿಕೊಟ್ಟವನು ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಆಫೀಸಿಗೆ ಅಮೆರಿಕದಿಂದ ಬಂದಿದ್ದ ಮ್ಯಾನೇಜರ್. ಪ್ರತಿ ಮಾರ್ಚಿನಲ್ಲಿ ಎಲ್ಲರ ಮೇಜಿನ ಮೇಲೂ ಒಂದೊಂದು ಹಾಳೆ ಇಟ್ಟು ಹೋಗುತ್ತಿದ್ದ. ಹಾಳೆಯ ಎರಡು ಅಂಚುಗಳಲ್ಲಿ ಅರವತ್ತನಾಲ್ಕು ಕಾಲೇಜುಗಳ ಹೆಸರು, ಹದಿನಾರರ ನಾಲ್ಕು ಗುಂಪುಗಳಾಗಿ, ಬಲದ ಪ್ರಕಾರ ಒಂದರಿಂದ ಹದಿನಾರು ನಂಬರು ಹಾಕಿ. ಜೋಡಿ ಜೋಡಿಯಾಗಿ ಗೆರೆಗಳು ಕೂಡಿ, ಕೂಡಿದವು ಮತ್ತೆ ಕೂಡಿ, ನಟ್ಟನಡುವೆ ಒಂದೇ ಖಾಲಿ ಗೆರೆ ಉಳಿಯುತ್ತಿತ್ತು. ಮೊದಲ ಪಂದ್ಯ ಶುರುವಾಗುವ ಮುಂಚೆಯೇ ಪ್ರತಿ ಪಂದ್ಯವನ್ನು ಯಾರು ಗೆಲ್ಲುತ್ತಾರೆಂದು ಕೊನೆಯ ಗೆರೆಯವರೆಗೂ ಬರೆದು ಕೊಡಬೇಕು. ಆಮೇಲೆ ಮೂರು ವಾರ ನಿಮ್ಮ ಬುದ್ಧಿವಂತಿಕೆ ಗೆರೆ ಗೆರೆಯಾಗಿ ಕುಸಿಯುವುದನ್ನು ನೋಡುತ್ತ ಕೂರಬೇಕು. ಈ ಊರಿನಲ್ಲಿ ದುಡ್ಡು ಕಟ್ಟಿ ಆಡುವ ಹಾಗಿಲ್ಲ. ಅದಕ್ಕೆ ಅವನು ವೈನ್ ಇಟ್ಟಿದ್ದ. ಆಡುವ ಪ್ರತಿಯೊಬ್ಬರೂ ಒಂದು ಬಾಟಲಿ ತಂದಿಡಬೇಕು. ಗೆದ್ದವರು ಎಲ್ಲರನ್ನೂ ಊಟಕ್ಕೆ ಕರೆದು, ತಮಗೆ ಬೇಕಾದ ಒಂದು ಬಾಟಲಿಯನ್ನು ಆರಿಸಿ ಎಲ್ಲರಿಗೂ ಬಗ್ಗಿಸಬೇಕು. ಉಳಿದವೆಲ್ಲ ಅವರ ಮನೆಗೆ.

ಅವನು ಈ ದೇಶ ಬಿಡುವಾಗ ಬಿರಡೆ ತೆಗೆಯುವ ತಿರುಪನ್ನು ನನ್ನ ಕೈಗೆ ಕೊಟ್ಟು, ಇನ್ನು ನೀನೇ ನಡೆಸು ಎಂದ. ನನ್ನನ್ನೇ ಆರಿಸಿದನಲ್ಲ ಎಂದು ಬಹಳ ದಿನ ಹೆಮ್ಮೆಯಿಂದ ಓಡಾಡಿದೆ. ಆಟದ ಬಗ್ಗೆ ಏನೂ ಗೊತ್ತಿಲ್ಲದ, ಆದ್ದರಿಂದ ಯಾರ ಪರವೂ ವಹಿಸಲಾರದ ವ್ಯಕ್ತಿ ಇಡೀ ಆಫೀಸಿನಲ್ಲಿ ನಾನೊಬ್ಬಳೇ ಎಂದು ಅವನು ಬೇರೆಯವರ ಹತ್ತಿರ ಹೇಳಿದ್ದನಂತೆ.

ಆಫೀಸಿನವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಪಣದಾಟ ನಮ್ಮ ಮನೆಗೆ, ನಮ್ಮ ಮಹಡಿಗೆ ಬಂತು. ನಮ್ಮ ಮನೆಯೆಂದರೆ ನಾನು ಮತ್ತು ನನ್ನ ಗಂಡ ಬಸು. ಅವನು ಹುಬ್ಬಳ್ಳಿಯವನು, ಇಲ್ಲಿ ದೊಡ್ಡ ಕಟ್ಟಡಗಳಿಗೆ ಎ.ಸಿ. ಕೂರಿಸುವ ಎಂಜಿನಿಯರು. ಈ ವೃತ್ತಿಯನ್ನು ದಯವಿಟ್ಟು ನೆನಪಿಡಿ. ಎದುರು ಮನೆಯಲ್ಲಿ ಮಂಗಳೂರು ಕಡೆಯ ಸ್ಟ್ಯಾನಿ ಮತ್ತು ಲವೀನಾ. ಸ್ಟ್ಯಾನಿಗೆ ಜೆಬೆಲ್ ಅಲಿ ಬಂದರಿನ ಗೋದಾಮಿನಲ್ಲಿ ಕೆಲಸ, ಲವೀನಾಗೆ ಒಂದು ಶಾಲೆಯ ಆಫೀಸಿನಲ್ಲಿ. ಇನ್ನೂ ನಾಲ್ಕೈದು ಮಂದಿ ಬಂದು ಹೋಗುತ್ತಿದ್ದರು. ಅವರನ್ನೆಲ್ಲ ಈ ಪ್ರಬಂಧದಿಂದ ಮೊದಲ ಸುತ್ತಿನಲ್ಲೇ ಹೊರಗೆ ಹಾಕುತ್ತಿದ್ದೇನೆ.

ಆಸಿಫ್‌ನನ್ನು ಮಾತ್ರ ಹಾಕಲಾಗುವುದಿಲ್ಲ. ಹಳೆಯ ದುಬೈಯ ನೈಫ್ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ, ಕರಾವಳಿಯ ಬ್ಯಾರಿ ಹುಡುಗ. ಹುಡುಗ ಎಂಬುದು ನನ್ನ ಅಭ್ಯಾಸ, ಅವನ ಗಡ್ಡ ನೆರೆತಿದೆ. ಸ್ಟ್ಯಾನಿಯ ಜೊತೆ ಪಾರ್ಕಿನಲ್ಲಿ ವಾಲಿಬಾಲ್ ಆಡಿ ನೀರು ಕುಡಿಯಲು ಬಂದವನು ಊಟದ ಮೇಜಿನ ಮೇಲೆ ಹರಡಿದ್ದ ಹಾಳೆ ನೋಡಿ ಅಲ್ಲೇ ನಿಂತ.

"ಇದು ಟೈಸ್ ಅಲ್ವಾ ಅಕ್ಕ? ಯಾರು ಹಾಕಿದ್ದು ಇದನ್ನು?"

ಊರಿನಲ್ಲಿ ವಾಲಿಬಾಲ್, ಕಬಡ್ಡಿ ಟೂರ್ನಮೆಂಟುಗಳನ್ನು ನಡೆಸಿ ಪಳಗಿದ ಕೈ ಅವನದು. ಯಾರ ಎದುರು ಯಾರು ಆಡಬೇಕೆಂದು ಜೋಡಿ ಹಾಕುವುದಕ್ಕೆ ಅಲ್ಲಿ ಟೈಸ್ ಹಾಕುವುದು ಎನ್ನುತ್ತಾರೆ. ಅಮೆರಿಕದವರು ಹಾಕಿದ್ದು ಎಂದೆ.

"ಒಂದನೇ ನಂಬರಿನವರಿಗೆ ಎದುರು ಹದಿನಾರನೇ ನಂಬರಿನವರಾ? ಬೇಕಂತಲೇ? ನಮ್ಮಲ್ಲಿ ಹೀಗೆ ಮಾಡಿದ್ರೆ ಕಮಿಟಿಯವರನ್ನು ನೆಟ್ಟಿಗೆ ಕಟ್ಟಿ ಹಾಕ್ತಾರೆ. ಚೀಟಿ ಎತ್ತಬೇಕು ಅಕ್ಕ. ಚೀಟಿ ಎತ್ತದೆ ಎಂತ ಟೈಸ್?"

ಅವನ ಸಿಟ್ಟಿನಲ್ಲಿ ಎಷ್ಟು ನ್ಯಾಯವಿತ್ತೆಂದರೆ ನಾವೆಲ್ಲ ಕೂಡಲೇ ಕತ್ತರಿ ಹುಡುಕಿದೆವು. ಅರವತ್ತನಾಲ್ಕು ಚೀಟಿ ಕತ್ತರಿಸಿ, ಮಡಿಚಿ, ಇಡ್ಲಿ ಹಿಟ್ಟಿನ ಪಾತ್ರೆಗೆ ಹಾಕಿ, ಲವೀನಾ ಕಣ್ಣು ಮುಚ್ಚಿ ಒಂದೊಂದೇ ಎತ್ತಿ, ಆಸಿಫ್ ಒಂದೊಂದೇ ಕೂಗಿ, ನಾನು ಬರೆದು, ಅಮೆರಿಕದ ಇಡೀ ಪಂದ್ಯಾವಳಿಯನ್ನು ನ್ಯಾಯವಾಗಿ ಹೊಸದಾಗಿ ಜೋಡಿಸಿದೆವು. ಎಲ್ಲ ಮುಗಿದು ಚಹಾ ಕುಡಿಯುವಾಗ ಸ್ಟ್ಯಾನಿ ಮೆಲ್ಲನೆ ಕೇಳಿದ, "ಅಲ್ಲ ಬ್ಯಾರಿಗಳೇ, ಅವರು ಅಲ್ಲಿ ನಮ್ಮ ಚೀಟಿಯ ಲೆಕ್ಕದಲ್ಲಿ ಆಡ್ತಾರಾ?"

ಆಸಿಫ್ ಚಹಾದ ಲೋಟ ಕೆಳಗಿಟ್ಟ. "ಆಡ್ಲಿಕ್ಕಿಲ್ಲ ಪೊರ್ಬುಗಳೇ" ಎಂದ. ಪೊರ್ಬು ಎಂದರೆ ಅವರ ಕಡೆ ಕ್ರಿಶ್ಚಿಯನ್ನರನ್ನು ಸಲಿಗೆಯಿಂದ ಕರೆಯುವ ಹೆಸರು.

ಆ ದಿನದಿಂದ ಆಸಿಫ್ ನಮ್ಮ ರೆಫರಿ. "ನಾನು ಬೆಟ್ಟು ಕಟ್ಟುದಿಲ್ಲ, ಕುಡಿಯುದಿಲ್ಲ. ನಿಮ್ಮ ಬಾಟ್ಲಿ ಮುಟ್ಟುದೂ ಇಲ್ಲ. ಯಾರ ಹಾಳೆ ಎಷ್ಟು ಸರಿ ಅಂತ ನೋಡಿ ಹೇಳ್ತೇನೆ, ಅಷ್ಟೆ" ಎಂದು ತನ್ನ ಗಡಿಯನ್ನು ತಾನೇ ಹಾಕಿಕೊಂಡ. ಕೆಂಪು ಪೆನ್ನು ಮತ್ತು ಊರಿನಿಂದ ತಂದಿದ್ದ ಸೀಟಿ ಅವನ ಸಾಮಗ್ರಿ.

ನಾವು ಕಾಲೇಜುಗಳನ್ನು ಆರಿಸುತ್ತಿದ್ದ ರೀತಿ ಆ ಮ್ಯಾನೇಜರ್ ನೋಡಿದ್ದರೆ ತಿರುಪನ್ನು ವಾಪಸ್ ಕೇಳುತ್ತಿದ್ದ. ಲವೀನಾ ಹೆಸರಿನಲ್ಲಿ ಸಂತರಿರುವ ಕಾಲೇಜನ್ನು ಬಿಟ್ಟುಕೊಡುತ್ತಿರಲಿಲ್ಲ. ಅಲ್ಲಿ ಪ್ರತಿ ತಂಡಕ್ಕೂ ಒಂದು ಪ್ರಾಣಿಯ ಗುರುತು ಇರುತ್ತದಲ್ಲ, ಬಸು ಆ ಪ್ರಾಣಿಗಳನ್ನು ಮನಸ್ಸಿನಲ್ಲೇ ಕಾದಾಟಕ್ಕೆ ಬಿಡುತ್ತಿದ್ದ. "ಹುಲಿ ಮುಂದ ನಾಯಿ ಏನ್ ಮಾಡ್ತೈತಿ? ಹುಲಿ ಬರಿ." ಸ್ಟ್ಯಾನಿಯೊಬ್ಬನೇ ಕಂಪನಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಅಂಕಿ ಅಂಶಗಳನ್ನೆಲ್ಲ ಓದಿ, ಆಟಗಾರರ ಎತ್ತರ ತಿಳಿದುಕೊಂಡು ಹಾಳೆ ತುಂಬಿಸುತ್ತಿದ್ದ. ಎಲ್ಲರಿಗಿಂತ ಮೊದಲು ಸೋಲುತ್ತಿದ್ದವನೂ ಅವನೇ. ಸೋತಾಗಲೆಲ್ಲ ಅವನು ಹೇಳುತ್ತಿದ್ದ ಮಾತು ಒಂದೇ, "ಲಾಯ್ಕಿತ್ತು." ಅಂದರೆ ಚೆನ್ನಾಗಿತ್ತು. ಆಟ ಲಾಯ್ಕಿತ್ತು, ಊಟ ಲಾಯ್ಕಿತ್ತು. ಸ್ಟ್ಯಾನಿಯ ಬಾಯಲ್ಲಿ ಯಾವುದೂ ಕೆಟ್ಟದಾದದ್ದನ್ನು ನಾವು ಕೇಳಿರಲಿಲ್ಲ.

ಇಲ್ಲೊಂದು ಅನುಮಾನ ಹೇಳಿಬಿಡಬೇಕು. ನೆನಪು ಕೆಲಸ ಮಾಡುವುದೂ ಈ ಟೈಸ್ ಹಾಳೆಯ ಹಾಗೆಯೇ ಇರಬಹುದೆಂದು ನನಗೆ ಅನಿಸುತ್ತದೆ. ಒಂದು ಮಧ್ಯಾಹ್ನದ ಬಗ್ಗೆ ಮೊದಲಿಗೆ ಅರವತ್ತನಾಲ್ಕು ಸಂಗತಿಗಳಿರುತ್ತವೆ. ಯಾರ ಕೈಯಲ್ಲಿ ಏನಿತ್ತು, ಕಿಟಕಿ ತೆರೆದಿತ್ತೋ ಇಲ್ಲವೋ, ಯಾರು ಮೊದಲು ನಕ್ಕರು. ಒಂದೆರಡು ಸಲ ಹೇಳುವಷ್ಟರಲ್ಲಿ ಅರ್ಧ ಹೊರಗೆ. ಇನ್ನೊಂದು ಸಲ ಹೇಳಿದರೆ ಅದರರ್ಧ. ಕೊನೆಗೆ ನಡುಗೆರೆಯ ಮೇಲೆ ಉಳಿದ ಒಂದನ್ನು 'ನಡೆದದ್ದು' ಎಂದು ಕರೆಯುತ್ತೇವೆ. ಮೊದಲ ಸುತ್ತಿನಲ್ಲಿ ಸೋತವು ಸುಳ್ಳಾಗಿದ್ದವು ಎಂದೇನೂ ಅಲ್ಲವಲ್ಲ. ಆ ದಿನ ಅವುಗಳ ಕಾಲು ಜಾರಿರಬಹುದು. ಆದ್ದರಿಂದ ಮುಂದಿನದನ್ನು ಹೇಳುವಾಗ ಸೋತವರಲ್ಲಿ ಕೆಲವರನ್ನು ಮತ್ತೆ ಅಂಗಳಕ್ಕೆ ಕರೆಯುತ್ತೇನೆ.

ಆ ವರ್ಷ ಪಂದ್ಯಾವಳಿ ರಂಜಾನ್ ತಿಂಗಳಿನಲ್ಲಿ ಬಂದಿತ್ತು. ಹಾಳೆಗಳನ್ನು ಕೊಡುವ ಹಿಂದಿನ ದಿನ ಲವೀನಾ ಹಳೆಯ ನೈಟಿಯಲ್ಲಿ ಸುತ್ತಿದ ಬಾಟಲಿಯೊಂದನ್ನು ತಂದು ನಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

"ಇದು ನನ್ನ ಪಣ. ಅಂಗಡಿಯದ್ದು ಅಂತ ಇಟ್ಕೋ."

ಅಂಗಡಿಯದೇ ಬಾಟಲಿ, ಮೇಲೆ ಅಂಟಿಸಿದ ಚೀಟಿಯೂ ಅಂಗಡಿಯದೇ. ಬಿರಡೆ ಮಾತ್ರ ಹೊರಗಿನಿಂದ ಒತ್ತಿ ಕೂರಿಸಿದ ಹಾಗಿತ್ತು. ಅಂಗಡಿಯದಲ್ಲವಾ ಎಂದು ಕೇಳಿದೆ.

"ನಾನು ಮಾಡಿದ್ದು. ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗ ಅಮ್ಮನ ಮನೆಯಲ್ಲಿ. ಇವರಿಗೆ ಗೊತ್ತಿಲ್ಲ, ನೀನು ಹೇಳ್ಬಾರ್ದು ಮಾರಾಯ್ತಿ."

ವಿಷಯ ಇಷ್ಟು. ಸ್ಟ್ಯಾನಿಯ ತಾಯಿ ಪ್ರತಿ ವರ್ಷ ಕಪ್ಪು ದ್ರಾಕ್ಷಿಯ ವೈನ್ ಮಾಡುತ್ತಿದ್ದರು. ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ, ಎಲ್ಲ ಭರಣಿಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಅಳತೆ ಯಾರಿಗೂ ಹೇಳಿದವರಲ್ಲ, ಕೇಳಿದರೆ ತಮ್ಮ ಕೈಯನ್ನೇ ನೋಡಿಕೊಂಡು ಇಷ್ಟು ಎನ್ನುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಸ್ಟ್ಯಾನಿ, ಇನ್ನು ಮನೆಯಲ್ಲಿ ವೈನ್ ಮಾಡುವುದು ಬೇಡ ಎಂದಿದ್ದ. ಯಾಕೆಂದು ಹೇಳಲಿಲ್ಲ. ಭರಣಿ ಲವೀನಾಳ ತವರಿಗೆ ಹೋಗಿ ಬೋರಲು ಕೂತಿತ್ತು.

"ಮಾಂಯ್ ಕೈ ನೆನಪು ಮಾಡಿ ಮಾಡಿ ಹಾಕಿದ್ದೇನೆ" ಎಂದಳು. ಮಾಂಯ್ ಎಂದರೆ ಅತ್ತೆ. "ಅದೇ ರುಚಿ ಬಂದಿದೆಯಾ ಅಂತ ಹೇಳ್ಲಿಕ್ಕೆ ಲೋಕದಲ್ಲಿ ಇವರು ಒಬ್ಬರೇ ಉಳಿದದ್ದು."

ಹಾಗಾದರೆ ಮನೆಯಲ್ಲೇ ಒಂದು ಲೋಟ ಕೊಟ್ಟರಾಯಿತಲ್ಲ ಎಂದೆ.

"ನಾನು ಮಾಡಿದ್ದು ಅಂತ ಗೊತ್ತಾದ್ರೆ ಲಾಯ್ಕುಂಟು ಅಂತಾರೆ. ಸಾರಿಗೂ ಲಾಯ್ಕುಂಟು, ಸೀರೆಗೂ ಲಾಯ್ಕುಂಟು, ಸೀದ ಅನ್ನಕ್ಕೂ ಲಾಯ್ಕುಂಟು. ಅದು ನನಗೆ ಬೇಡ. ಗೊತ್ತಿಲ್ಲದೆ ಕುಡೀಬೇಕು, ನಾನು ಮುಖ ನೋಡ್ಬೇಕು." ನೈಟಿಯನ್ನು ಮಡಿಚುತ್ತ, "ಸರಿ ಬರದಿದ್ರೆ ಆಯ್ತು, ಇನ್ನು ಮಾಡುದಿಲ್ಲ. ಭರಣಿ ತಂಗಿ ಕೇಳ್ತಿದ್ದಾಳೆ, ಉಪ್ಪಿನಕಾಯಿಗೆ ಕೊಡ್ತೇನೆ" ಎಂದಳು.

ಬಾಟಲಿಗಳೆಲ್ಲ ನನ್ನ ವಶದಲ್ಲಿ ಫ್ರಿಜ್ಜಿನ ತಲೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ಲವೀನಾಳದು ಗೋಡೆಯ ಪಕ್ಕ, ಸ್ಟ್ಯಾನಿ ತಂದ ಉದ್ದ ಕುತ್ತಿಗೆಯ ಬೆಲೆಬಾಳುವ ಬಾಟಲಿಯ ಮಗ್ಗುಲಿಗೆ ನಿಂತಿತು. ಮೂರು ವಾರ ನಾನು ಅಡುಗೆ ಮಾಡುವಾಗಲೆಲ್ಲ ಅದರ ಕಡೆ ನೋಡುತ್ತಿದ್ದೆ. ಯಾರ ಪರವೂ ವಹಿಸದವಳೆಂಬ ನನ್ನ ಹೆಗ್ಗಳಿಕೆ ಹೋಗಿತ್ತು. ಸ್ಟ್ಯಾನಿ ಗೆಲ್ಲಲಿ, ತನ್ನ ಹೆಂಡತಿಯ ಬಾಟಲಿಯನ್ನೇ ಆರಿಸಲಿ ಎಂದು ಬೇಡುತ್ತಿದ್ದೆ. ಸ್ಟ್ಯಾನಿ ಎಂದಿನಂತೆ ಎಲ್ಲರಿಗಿಂತ ಮೊದಲು ಸೋತ. ಲಾಯ್ಕಿತ್ತು ಎಂದ.

ಫೈನಲ್ ಅಲ್ಲಿ ರಾತ್ರಿ ಆಗುವಾಗ ಇಲ್ಲಿ ಬೆಳಗಾಗುತ್ತಿರುತ್ತದೆ. ಆಸಿಫ್ ಬೆಳಗಿನ ನಮಾಜು ಮುಗಿಸಿ, ಟೋಪಿ ಜೇಬಿಗೆ ಹಾಕಿಕೊಂಡು ಬಂದ. ಅವನೆದುರು ತಿನ್ನಬಾರದೆಂದು ನಾವು ಮುಚ್ಚಿಟ್ಟ ಉಪ್ಪಿಟ್ಟಿನ ವಾಸನೆ ಹಾಲಿನ ತುಂಬ ಇತ್ತು. "ನೀವು ತಿನ್ನಿ, ನನ್ನ ಉಪವಾಸಕ್ಕೆ ನಿಮ್ಮ ಉಪ್ಪಿಟ್ಟು ತಾಗುದಿಲ್ಲ" ಎಂದು ಅವನೇ ತಟ್ಟೆ ದಾಟಿಸಿದ. ಬಸುವಿನ ಪ್ರಾಣಿ ಗೆದ್ದಿತು. ಯಾವ ಪ್ರಾಣಿ ಎಂದು ಕೇಳಬೇಡಿ. ಅವನು ತೋಳ ಎನ್ನುತ್ತಾನೆ, ಆಸಿಫ್ ಕರಡಿ ಎನ್ನುತ್ತಾನೆ. ಬಸು ಸೋಫಾದ ಮೇಲೆ ಹತ್ತಿ ನಿಂತದ್ದು ಮಾತ್ರ ಖಂಡಿತ, ಸೋಫಾದ ಒಂದು ಕಾಲು ಇಂದಿಗೂ ಅಲ್ಲಾಡುತ್ತದೆ.

ಪಣದ ಊಟವನ್ನು ಈದ್ ಮುಗಿಯುವವರೆಗೆ ಮುಂದೂಡಿದೆವು. ರೆಫರಿ ಉಣ್ಣಲಾಗದ ಊಟ ಎಂಥದು? ಅಷ್ಟರಲ್ಲಿ ಬಸುವಿನ ಮನಸ್ಸು ತಿರುಗಿಸಬೇಕಿತ್ತು. ಗುಟ್ಟು ಹೇಳುವಂತಿಲ್ಲ. ಅವನ ಮುಖದಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ.

"ಯಾವುದು ತಗೀತಿ?" ಎಂದು ಕೇಳಿದೆ.

"ಸ್ಟ್ಯಾನಿದು. ಆ ಉದ್ದ ಕುತ್ತಿಗೀದು."

"ಲವೀನಾಂದು ತಗಿ."

"ಯಾಕ?"

"ಚೀಟಿ ಚೆಂದೈತಿ."

"ಚೀಟಿ ಏನ್ ಕುಡಿಯಾಕ ಬರ್ತೈತೇನು? ನೋಡು, ನಾ ಗೆದ್ದೀನಿ, ನಾ ಆರಸ್ತೀನಿ. ವರ್ಷಕ್ಕ ಒಂದ್ ಸಲ ಈ ಮನ್ಯಾಗ ನನ್ನ ಮಾತು ನಡೀತೈತಿ. ಅದನ್ನೂ ಕಸ್ಕೋಬ್ಯಾಡ."

ಲವೀನಾಗೆ ಹೇಳಿದೆ. ಅವಳು ಲಿಫ್ಟಿನ ಗುಂಡಿ ಒತ್ತಿ, "ಹಾಗಾದ್ರೆ ನಿಮ್ಮಲ್ಲೇ ಇರ್ಲಿ, ಕೇಕಿಗೆ ಹಾಕು" ಎಂದಳು. ಭರಣಿಯ ವಿಷಯ ನಾನೂ ಕೇಳಲಿಲ್ಲ.

ಈದ್ ರಜೆಗೆ ನಾವಿಬ್ಬರೂ ಒಮಾನಿಗೆ ಹೋದೆವು. ಹೊರಡುವಾಗ ಬಸು ಮನೆಯ ಎ.ಸಿ. ಪೂರ್ತಿ ಆರಿಸಿದ. ಊರೂರಿನ ಗೋಪುರಗಳನ್ನು ಹಗಲೂ ರಾತ್ರಿ ತಣ್ಣಗಿಡುವವನು ತನ್ನ ಮನೆಗೆ ಬಂದಾಗ ಹುಬ್ಬಳ್ಳಿಯವನಾಗುತ್ತಾನೆ. "ಯಾರೂ ಇಲ್ಲದ ಮನ್ಯಾಗ ತಂಪು ಯಾರಿಗೆ?" ಅದು ಏಪ್ರಿಲ್. ಕಿಟಕಿಗಳು ಭದ್ರವಾಗಿದ್ದವು. ಫ್ರಿಜ್ಜಿನ ತಲೆಯೆಂದರೆ ಇಡೀ ಮನೆಯಲ್ಲಿ ಅತಿ ಬೆಚ್ಚನೆಯ ಜಾಗ.

ವಾಪಸ್ ಬಂದು ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬಡಿದದ್ದು ಸೆಕೆ, ಅದರ ಬೆನ್ನಿಗೇ ವಾಸನೆ. ಹಣ್ಣು, ಹುಳಿ, ಮಸಾಲೆ. ಅಡುಗೆಮನೆಯ ನೆಲ ಚಪ್ಪಲಿಗೆ ಅಂಟುತ್ತಿತ್ತು. ಫ್ರಿಜ್ಜಿನ ಬಾಗಿಲ ಮೇಲೆ ನೇರಳೆ ಧಾರೆಗಳು ಇಳಿದಿದ್ದವು, ಛಾವಣಿಯಲ್ಲಿ ಕಲೆ. ಲವೀನಾಳ ಬಾಟಲಿ ನಿಂತಲ್ಲೇ ನಿಂತಿತ್ತು, ಬಾಯಿ ತೆರೆದು, ಅರ್ಧ ಖಾಲಿಯಾಗಿ. ಬಿರಡೆ ಎಲ್ಲೂ ಇರಲಿಲ್ಲ.

ಬಸು ಛಾವಣಿ ನೋಡಿದ, ಬಾಟಲಿ ನೋಡಿದ. "ಇದು ಇನ್ನೂ ಒಳಗ ಹುದುಗು ಏಳಾಕತ್ತಿತ್ತು. ಅಂಗಡೀದು ಹಿಂಗ ಮಾಡಂಗಿಲ್ಲ" ಎಂದ. ಎಂಜಿನಿಯರಿಂಗ್ ಓದಿದ್ದು ಅಷ್ಟಾದರೂ ಉಪಯೋಗಕ್ಕೆ ಬಂತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ, ಎಲ್ಲ ಹೇಳಿದೆ. ಅವನು ಗೋಡೆಯ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲವೆಂಬ ಹಾಗೆ ಎ.ಸಿ. ಹಾಕಿದ.

ಲವೀನಾ ತನ್ನ ಮನೆಯ ಮಾಪು, ಬಕೆಟ್ಟು ಹಿಡಿದೇ ಬಂದಳು. ಅತ್ತಳು ಎಂದು ನಾನು ಒಂದೆರಡು ಕಡೆ ಹೇಳಿದ್ದೇನೆ. ಅವಳು ಅಳಲಿಲ್ಲ, ನಕ್ಕಳು ಎನ್ನುತ್ತಾನೆ ಬಸು. ಇಬ್ಬರೂ ನೆಲ ಒರೆಸುತ್ತಿದ್ದೆವು, ಮುಖ ಕೆಳಗಿತ್ತು, ನನಗೆ ಕಂಡಿರಲಿಕ್ಕೆ ಸಾಧ್ಯವಿಲ್ಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ. ಗಾಳಿಗೆಂದು ಮುಂಬಾಗಿಲು ತೆರೆದಿಟ್ಟಿದ್ದೆವು. ಬಂದರಿಗೆ ಹಬ್ಬದ ರಜೆ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಾಳಿ ಮುಗಿಸಿ ಬಂದ ಸ್ಟ್ಯಾನಿ ಮನೆಯ ಕೀಲಿಗಾಗಿ ಹೆಂಡತಿಯನ್ನು ಹುಡುಕಿಕೊಂಡು ನಮ್ಮ ಬಾಗಿಲಿಗೆ ಬಂದ.

ನನ್ನ ನೆನಪಿನ ಪ್ರಕಾರ ಅವನು ನೇರವಾಗಿ ಅಡುಗೆಮನೆಯ ಬಾಗಿಲವರೆಗೆ ಬಂದ. ಆಮೇಲೆ ಒಳಬಂದು ಫ್ರಿಜ್ಜಿನ ಬಾಗಿಲ ಮೇಲೆ ಒಣಗುತ್ತಿದ್ದ ಧಾರೆಯನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡ. ಛಾವಣಿ ನೋಡುತ್ತ, "ಲವಂಗ ಸ್ವಲ್ಪ ಜಾಸ್ತಿ ಆಗಿದೆ" ಎಂದ.

ಬಸುವಿನ ಪ್ರಕಾರ ಸ್ಟ್ಯಾನಿ ಆಗ ಇನ್ನೂ ಒಳಗೇ ಬಂದಿರಲಿಲ್ಲ. ಹೊರಗೆ ಬೂಟು ಬಿಚ್ಚುವಾಗಲೇ ವಾಸನೆ ಹಿಡಿದು ಅಲ್ಲಿಂದಲೇ ಹೇಳಿದ, ಅದೂ ಲವಂಗವಲ್ಲ, ಚಕ್ಕೆ. ಲವೀನಾ ಎರಡನ್ನೂ ಒಪ್ಪುವುದಿಲ್ಲ. "ಮೊದಲು ಬೇರೆ ಎಂತದೋ ಹೇಳಿದ್ರು. ಅದು ನನಗೆ ಮಾತ್ರ ಕೇಳಿತು. ನಿಮಗೆ ಹೇಳುದಿಲ್ಲ" ಎನ್ನುತ್ತಾಳೆ. ತೀರ್ಪು ಕೊಡು ಎಂದು ಒಮ್ಮೆ ಆಸಿಫ್‌ನನ್ನು ಕೇಳಿದೆ. "ನಾನು ನೋಡದ ಆಟಕ್ಕೆ ಸೀಟಿ ಊದುದಿಲ್ಲ ಅಕ್ಕ" ಎಂದ.

ಮುಂದಿನದರ ಬಗ್ಗೆ ಮಾತ್ರ ಮೂವರಲ್ಲೂ ಜಗಳವಿಲ್ಲ. ಲವೀನಾ ಮಾಪು ಹಿಡಿದುಕೊಂಡೇ ಎದ್ದು ನಿಂತಳು.

"ಜಾಸ್ತಿಯಾ? ಎಷ್ಟು ಜಾಸ್ತಿ?"

"ಒಂದೆರಡು."

"ಉಳಿದದ್ದು?"

"ಉಳಿದದ್ದು ಅದೇ" ಎಂದ ಸ್ಟ್ಯಾನಿ. ಬಾಟಲಿಯನ್ನು ಕೆಳಗಿಳಿಸಿ, ಒಳಗೆ ಎಷ್ಟು ಉಳಿದಿದೆ ಎಂದು ಬೆಳಕಿಗೆ ಹಿಡಿದ. ಲವೀನಾ ನನ್ನ ಕಡೆ ತಿರುಗಿ, ಗಂಡ ಅಲ್ಲಿ ಇಲ್ಲವೇನೋ ಎಂಬ ಹಾಗೆ ಹೇಳಿದಳು: "ಕೇಳಿದಿಯಾ? ಲಾಯ್ಕುಂಟು ಅಂತ ಹೇಳ್ಲಿಲ್ಲ."

ಊಟದ ದಿನ ಒಂದು ಕಾನೂನಿನ ಪ್ರಶ್ನೆ ಎದ್ದಿತು. ಗೆದ್ದವನು ಆರಿಸುವ ಮೊದಲೇ ತಾನಾಗಿ ತೆರೆದುಕೊಂಡ ಬಾಟಲಿಯನ್ನು ಏನು ಮಾಡಬೇಕು? ಆಸಿಫ್ ಎಂದಿನಂತೆ ಬಾಲ್ಕನಿಯ ಪುಟ್ಟ ಮೇಜಿನಲ್ಲಿ ತನ್ನ ಬಿರಿಯಾನಿಯ ಜೊತೆ ಇದ್ದ. ಒಳಗಿನ ಬಾಟಲಿಗಳಿಗೂ ಅವನಿಗೂ ನಡುವೆ ಗಾಜಿನ ಜಾರುಬಾಗಿಲು. ಅದನ್ನು ಅಷ್ಟೇ ಅಷ್ಟು ಸರಿಸಿ ತೀರ್ಪು ಕೊಟ್ಟ: "ಸೀಟಿಗೆ ಮೊದಲು ಓಡಿದ್ದು ಫೌಲೇ. ಆದ್ರೆ ಎ.ಸಿ. ಆರಿಸಿದ್ದು ಗೆದ್ದವರು. ಹಾಗಾಗಿ ಆರಿಸಿದ್ದೂ ಅವರೇ ಅಂತ ಆಯ್ತು. ಅದನ್ನೇ ಕುಡೀರಿ." ಬಸು ಉದ್ದ ಕುತ್ತಿಗೆಯ ಬಾಟಲಿಯನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟ. ಅದು ಹೇಗಿದ್ದರೂ ನಮ್ಮಲ್ಲೇ ಉಳಿಯುವುದಿತ್ತು.

ಲವೀನಾಳ ವೈನ್ ಹೇಗಿತ್ತು ಎಂದರೆ ನಾನು ಏನು ಹೇಳಲಿ. ಸಿಹಿ ಹೆಚ್ಚು, ನಾಲಿಗೆಯ ಮೇಲೆ ಚುರುಚುರು. "ಕೆಮ್ಮಿನ ಔಷಧದ ಗತೆ ಐತಿ" ಎಂದ ಬಸು, ನನ್ನ ಕಾಲು ಅವನ ಕಾಲಿಗೆ ತಲುಪುವ ಮೊದಲೇ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಸ್ಟ್ಯಾನಿ ಎರಡನೇ ಲೋಟ ಬಗ್ಗಿಸಿಕೊಂಡ. ಲೋಟದ ಮೇಲೆ ಬಗ್ಗಿದ ಅವನ ಮುಖವನ್ನು ಲವೀನಾ ನೋಡುತ್ತಿದ್ದಳು. ಅಥವಾ ಸಲಾಡಿಗೆ ಉಪ್ಪು ಹಾಕುತ್ತಿದ್ದಳು. ಎರಡೂ ಸಂಗತಿಗಳು ನನ್ನ ಹಾಳೆಯಲ್ಲಿ ಸೆಮಿಫೈನಲ್‌ವರೆಗೆ ಬಂದು ನಿಂತಿವೆ. ಫೈನಲ್ ಆಡಿಸುವ ಮನಸ್ಸು ನನಗಿಲ್ಲ.

ಆಮೇಲೆ ಸ್ಟ್ಯಾನಿಗೆ ಅಬುಧಾಬಿಗೆ ವರ್ಗವಾಯಿತು. ಒಂದೂವರೆ ಗಂಟೆಯ ದಾರಿ, ಅಷ್ಟೇನೂ ದೂರವಲ್ಲ. ಪ್ರತಿ ಮಾರ್ಚಿನಲ್ಲಿ ಬರುತ್ತಾರೆ, ಸಂತರೂ ಪ್ರಾಣಿಗಳೂ ಕಾದಾಡುತ್ತಾರೆ, ಆಸಿಫ್ ಕೆಂಪು ಪೆನ್ನು ತರುತ್ತಾನೆ. ಭರಣಿ ತಂಗಿಗೆ ಹೋಗಲಿಲ್ಲ. ಲವೀನಾ ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗಲೆಲ್ಲ ಅದರಲ್ಲಿ ದ್ರಾಕ್ಷಿ ಕೂರುತ್ತದೆ. ನಮ್ಮ ಪಾಲಿನ ಬಾಟಲಿ ಈಗ ಫ್ರಿಜ್ಜಿನ ಒಳಗೇ ಇರುತ್ತದೆ.

ಹೊಸ ಫ್ರಿಜ್ಜನ್ನು ಜಾಗಕ್ಕೆ ನೂಕಿ ಅವರೆಲ್ಲ ಹೋದ ಮೇಲೆ ಲವೀನಾಗೆ ಫೋನ್ ಮಾಡಿದೆ.

"ಬಿರಡೆ ಸಿಕ್ತು" ಎಂದೆ. ಯಾವ ಬಿರಡೆ ಎಂದು ಅವಳು ಕೇಳಲಿಲ್ಲ.

"ಎಲ್ಲಿತ್ತು ಮಾರಾಯ್ತಿ ಇಷ್ಟು ದಿನ?"

"ಫ್ರಿಜ್ಜಿನ ಹಿಂದೆ. ಒಂದು ಮಾತು ನಿಜ ಹೇಳು. ಅವತ್ತು ಸ್ಟ್ಯಾನಿ ಲವಂಗ ಅಂದನೋ, ಚಕ್ಕೆ ಅಂದನೋ?"

"ಲವಂಗವೇ. ಪ್ರತಿ ವರ್ಷ ಅದನ್ನೇ ಹೇಳ್ತಾರೆ ಅಲ್ವಾ? ಮೊದಲ ಗುಟುಕಿಗೇ."

"ಮತ್ತೆ ಕಡಿಮೆ ಮಾಡಬಾರದಾ ನೀನು? ಎರಡು ತೆಗೆದರೆ ಮುಗೀತಲ್ಲ."

ಲವೀನಾ ಧ್ವನಿ ತಗ್ಗಿಸಿದಳು. ಆಚೆ ಕೋಣೆಯಲ್ಲಿ ಟಿ.ವಿ. ಕೇಳಿಸುತ್ತಿತ್ತು, ಸ್ಟ್ಯಾನಿ ಅಲ್ಲೇ ಇರಬೇಕು.

"ಕಡಿಮೆ ಮಾಡಿ ಸರಿ ಆಗಿಬಿಟ್ರೆ ಮತ್ತೆ ಲಾಯ್ಕುಂಟು ಅಂತಾರೆ. ನಾನು ಬೇಕಂತಲೇ ಎರಡು ಜಾಸ್ತಿ ಹಾಕುದು."

ಫೋನ್ ಇಟ್ಟ ಮೇಲೆ ಬಿರಡೆಯನ್ನು ಮತ್ತೊಮ್ಮೆ ಮೂಸಿದೆ. ಧೂಳು, ಜಿಡ್ಡು, ಮತ್ತು ಇನ್ನೇನೋ. ಇಷ್ಟು ವರ್ಷ ನಾನು ಆ ಮಧ್ಯಾಹ್ನದ ಸರಿಯಾದ ರೂಪ ಯಾವುದೆಂದು ಎಲ್ಲರನ್ನೂ ಕೇಳಿ ಪೀಡಿಸಿದ್ದೆ. ನನ್ನ ಹಾಗೆ ನೆನಪನ್ನು ಕಟಕಟೆಯಲ್ಲಿ ನಿಲ್ಲಿಸುವವರ ನಡುವೆ ಲವೀನಾ ತನಗೆ ಬೇಕಾದ ಒಂದು ಮಾತನ್ನು ಹಿಡಿದು, ಅದು ಮತ್ತೆ ಮತ್ತೆ ನಡೆಯುವ ಹಾಗೆ ವರ್ಷಕ್ಕೆರಡು ಲವಂಗ ಖರ್ಚು ಮಾಡುತ್ತಿದ್ದಾಳೆ.

ಮೇಲಿನ ಕಪಾಟಿನಿಂದ ಲವಂಗದ ಡಬ್ಬಿ ತೆಗೆದೆ. ಬಿರಡೆಯನ್ನು ಒರೆಸಿ ಅದರೊಳಗೆ ಹಾಕಿ, ಮುಚ್ಚಳ ಬಿಗಿಯಾಗಿ ಹಾಕಿದೆ. ಸಂಜೆ ಬಸು ಬಂದಾಗ ತೋರಿಸಿದೆ. ಅವನು ಮುಚ್ಚಳ ತೆಗೆದು ನೋಡಿ, "ಇದು ಮೋಸ ಆತು. ಮುಂದಿನ ಸಲ ಮೂಸಿದ್ರ ಲವಂಗ ಬರದ ಏನ್ ಚಕ್ಕೆ ಬರ್ತೈತೇನು? ನಾ ಆಸಿಫ್‌ಗ ಹೇಳ್ತೀನಿ" ಎಂದ.

ಹೇಳು ಎಂದೆ. ಅವನು ನೋಡದ ಆಟಕ್ಕೆ ಸೀಟಿ ಊದುವವನಲ್ಲ.